ಮೋಟರ್ ಸೈಕಲ್ಲಿಗೆ ನಾನೇ ಬ್ರೇಕ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮೋಟರ್ ಸೈಕಲ್ಲಿಗೆ ನಾನೇ ಬ್ರೇಕ್ ಆಗಿದ್ದೆ. ನಗಬೇಡಿ ಮಕ್ಕಳೇ, ನಿಜವಾಗಿಯೂ ನಾನೇ. ಆಗ ನನಗೆ ಒಂಬತ್ತು ವರ್ಷ. ಸಾದಲಿಯ ಪಕ್ಕದ ಹಳ್ಳಿಯಲ್ಲಿ ನಮ್ಮ ಮನೆ, ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಒಳಗೆ ರೇಷ್ಮೆ ಹುಳು. ಊರಿನ ಬೇರೆ ಮಕ್ಕಳು ಶಾಲೆ ಬಿಟ್ಟ ಮೇಲೆ ಹುಳುವಿಗೆ ಸೊಪ್ಪು ಬಿಡಿಸುತ್ತಿದ್ದರು. ನಾನು ಸೊಪ್ಪೂ ಬಿಡಿಸುತ್ತಿದ್ದೆ, ಅಪ್ಪ ಎಲ್ಲಿಗಾದರೂ ಹೊರಟರೆ ಬ್ರೇಕೂ ಹಾಕುತ್ತಿದ್ದೆ.

ಆ ಮೋಟರ್ ಸೈಕಲ್ ಎರಡನೇ ಮಹಾಯುದ್ಧದ ಕಾಲದ್ದು. ಸೈನ್ಯದವರು ಬಿಟ್ಟದ್ದು ಎಷ್ಟೋ ಕೈ ದಾಟಿ, ಚಿಂತಾಮಣಿಯ ಒಂದು ಹುಣಸೆಹಣ್ಣಿನ ಮಂಡಿಯ ಮೂಲೆಯಲ್ಲಿ ಬಿದ್ದಿತ್ತು. ಅಪ್ಪ ಹಾಲು ಕರೆಯುವ ಎಮ್ಮೆಯನ್ನು ಅಲ್ಲಿ ಕೊಟ್ಟು, ಇದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದ. ಅಮ್ಮ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಖಾಲಿ ಚೊಂಬನ್ನು ಅಪ್ಪನ ಕೈಗಿಟ್ಟು, "ಹೋಗಿ ಅದರಿಂದ್ಲೇ ಹಾಲು ಕರ್ಕೊಂಡು ಬಾ, ಕಾಫಿಗಿಲ್ಲ" ಎಂದಳು.

ಅಪ್ಪನಿಗೆ ಎರಡು ತೊಂದರೆಗಳಿದ್ದವು. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಅವನ ಎಡಮಂಡಿ ಮಡಚಲು ಬರುತ್ತಿರಲಿಲ್ಲ. ಈ ಗಾಡಿಯ ಕಾಲು ಬ್ರೇಕ್ ಇದ್ದದ್ದು ಎಡಗಡೆಗೇ. ಮುಂದಿನ ಚಕ್ರದ ಕೈ ಬ್ರೇಕ್ ಹೆಸರಿಗೆ ಮಾತ್ರ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಅಪ್ಪ ಹುಟ್ಟಿದಾಗಿನಿಂದ ಎತ್ತಿನ ಗಾಡಿ ಹೊಡೆದವನು. ನಿಲ್ಲಿಸಬೇಕಾದರೆ ಎರಡೂ ಕೈಯಿಂದ ಹಿಂದಕ್ಕೆ ಜಗ್ಗಿ "ಹೋ!" ಅನ್ನುವುದು ಅವನ ಮೈಗೇ ಅಂಟಿಹೋಗಿತ್ತು. ಎತ್ತಾದರೆ ನಿಲ್ಲುತ್ತದೆ. ಮೋಟರ್ ಸೈಕಲ್ಲಿನ ಬಲಗೈ ಹಿಡಿಯನ್ನು ಹಾಗೆ ತನ್ನ ಕಡೆಗೆ ಎಳೆದರೆ ಅದು ತಿರುಗಿ ವೇಗ ಇನ್ನೂ ಜಾಸ್ತಿಯಾಗುತ್ತದೆ. ಮೊದಲ ದಿನ ಅಪ್ಪ "ಹೋ! ಹೋ!" ಎಂದು ಕೂಗುತ್ತಾ, ಕೂಗಿದಷ್ಟೂ ಜೋರಾಗಿ ಓಡಿ, ಹುಲ್ಲಿನ ಬಣವೆಯೊಳಗೆ ನುಗ್ಗಿದ. ಹೊರಗೆ ಬಂದು ಮೀಸೆಯ ಮೇಲಿನ ಹುಲ್ಲು ಕೊಡವಿಕೊಂಡು, "ನಾನು ಸರಿಯಾಗೇ ಎಳ್ದೆ. ಇದಕ್ಕೇ ಬುದ್ಧಿ ಇಲ್ಲ" ಎಂದ.

ಅದಕ್ಕೆ ಬುದ್ಧಿ ಕಲಿಸಲು ಅಪ್ಪ ಮತ್ತು ಅಕ್ಕ ಕೂತರು. ಅಕ್ಕನಿಗೆ ಆಗ ಹದಿನಾರು, ಎಸ್ಸೆಸ್ಸೆಲ್ಸಿ ಓದುತ್ತಿದ್ದಳು. ಸೀಮೆಎಣ್ಣೆಯಲ್ಲಿ ಬೆರಳು ಅದ್ದಿ ಅದ್ದಿ ಅವಳ ಕೈಯೆಲ್ಲ ಅದೇ ವಾಸನೆ. ಬಲಗೈ ಹಿಡಿಯೊಳಗಿನ ತಂತಿಯನ್ನು ಬಿಚ್ಚಿ ತಿರುವುಮುರುವಾಗಿ ಸುತ್ತಿದಳು. ಈಗ ಹಿಡಿಯನ್ನು ಮುಂದಕ್ಕೆ ತಿರುಗಿಸಿದರೆ ಓಟ, ತನ್ನ ಕಡೆಗೆ ಎಳೆದರೆ ನಿಧಾನ. ಕಾಲಿನ ಬ್ರೇಕ್ ಪೆಡಲನ್ನು ಕಿತ್ತೇ ಬಿಸಾಡಿದರು. ಹಿಂದಿನ ಚಕ್ರದ ಬ್ರೇಕ್ ಕಡ್ಡಿಗೆ ಕತ್ತಾಳೆ ಹಗ್ಗ ಕಟ್ಟಿ, ನೂಲು ತೆಗೆಯುವ ಚರಕದ ಒಂದು ಪುಟ್ಟ ರಾಟೆಯ ಮೇಲೆ ಹಾಯಿಸಿ, ಅದರ ತುದಿಯನ್ನು ಹಿಂದಿನ ಸೀಟಿಗೆ ತಂದರು. ಹಿಂದಿನ ಸೀಟಿನಲ್ಲಿ ನಾನು. ಅಪ್ಪ "ಹೋ" ಅಂದರೆ ನಾನು ಹಗ್ಗ ಎಳೆಯಬೇಕು. ಪ್ರತಿ ಸಲ ರಿಪೇರಿಯಾದಾಗ ಅಕ್ಕ ಅದನ್ನು ಕಣದಲ್ಲಿ ಸುತ್ತು ಹೊಡೆಸುತ್ತಿದ್ದಳು, ಅಪ್ಪ ನಡುವೆ ನಿಂತು ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಿದ್ದ.

ಅಕ್ಕನ ಪರೀಕ್ಷೆ ಶಿಡ್ಲಘಟ್ಟದಲ್ಲಿ. ನಮ್ಮೂರಿನಿಂದ ಆ ಪರೀಕ್ಷೆಗೆ ಕೂತ ಮೊದಲ ಹೆಣ್ಣುಮಗಳು ಅವಳು. ಅಜ್ಜಿ ಆಗಲೇ ಅವಳಿಗೆ ಒಂದು ಗಂಡು ನೋಡಿಟ್ಟಿದ್ದಳು. ಈ ಸಲ ಪರೀಕ್ಷೆ ತಪ್ಪಿದರೆ ಇನ್ನೊಂದು ವರ್ಷ ಓದಿಸುವ ಮಾತೇ ಇಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮೊದಲ ಪರೀಕ್ಷೆಯ ದಿನವೇ ಬೆಳಗಿನ ಬಸ್ಸು ಬರಲಿಲ್ಲ. ಎತ್ತಿನ ಗಾಡಿಯಲ್ಲಿ ಹೋದರೆ ತಲುಪುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತಿತ್ತು. ಇನ್ನು ಅಪ್ಪನಿಗೋ, ಹೇಳಬಾರದ ಜಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಕುರು ಎದ್ದಿತ್ತು. ನಾಲ್ಕು ದಿನದಿಂದ ಊಟವನ್ನೂ ನಿಂತೇ ಮಾಡುತ್ತಿದ್ದ.

ಆಗ ಮಾವ ಎದ್ದು ನಿಂತ. ಅಮ್ಮನ ತಮ್ಮ, ಚಿಂತಾಮಣಿಯಲ್ಲಿ ಸರ್ಕಾರಿ ಗುಮಾಸ್ತ, ಹಿಂದಿನ ದಿನ ನಮ್ಮ ಮನೆಗೆ ಬಂದಿದ್ದ. ತನ್ನ ಆಫೀಸಿನ ಸಾಹೇಬರ ಮೋಟರ್ ಸೈಕಲ್ ಓಡಿಸುತ್ತೇನೆ ಎಂಬ ಜಂಬ ಅವನಿಗೆ ಬಹಳ.

"ನಾನಿಲ್ವಾ ಭಾವ? ಅರ್ಧ ಗಂಟೆಯಲ್ಲಿ ಬಿಟ್ಬರ್ತೀನಿ."

"ಇದು ಬೇರೆ ಥರ ಕಣಪ್ಪ" ಎಂದ ಅಪ್ಪ. "ಹಿಡಿ ಉಲ್ಟಾ. ಬ್ರೇಕಿಗೆ ಮಗೂನ ಹಿಂದೆ ಕೂರಿಸ್ಕೋಬೇಕು."

"ಬ್ರೇಕಿಗೆ ಮಗೂನಾ?" ಮಾವ ಹೊಟ್ಟೆ ಹಿಡಿದು ನಕ್ಕ. ಒಂದು ಸುತ್ತು ಹೋಗಿ ನೋಡುತ್ತೇನೆ ಎಂದು ಒಬ್ಬನೇ ಹೊರಟ. ಬೀದಿಯ ತಿರುವಿನವರೆಗೆ ರಾಜನ ಹಾಗೆ ಹೋದ. ಅಲ್ಲಿ ನಿಧಾನ ಮಾಡಲು, ಅಪ್ಪ ಹೇಳಿದ್ದು ಮರೆತು, ಎಲ್ಲರ ಹಾಗೆ ಹಿಡಿಯನ್ನು ಮುಂದಕ್ಕೆ ತಿರುಗಿಸಿದ. ಗಾಡಿ ಒಂದೇ ಸಲ ಹಾರಿತು. ಎಡಗಾಲಿನಲ್ಲಿ ಬ್ರೇಕ್ ಹುಡುಕಿದ, ಅಲ್ಲಿ ಬರೀ ಗಾಳಿ. ಮುಂದೆ ಇದ್ದದ್ದು ನಮ್ಮ ತಿಪ್ಪೆ, ಹಿಂದಿನ ದಿನ ತಾನೇ ಹುಳುವಿನ ಕಸ, ಸಗಣಿ ಎಲ್ಲ ಸುರಿದಿದ್ದೆವು. ಮಾವನ ಬಿಳಿ ಷರಟು ಆಚೆ ಕಡೆಯಿಂದ ಹೊರಬಂದಾಗ ಬಿಳಿ ಎನ್ನುವ ಹಾಗಿರಲಿಲ್ಲ. ಅಮ್ಮ ತಮ್ಮನ ಮೇಲೆ ಪ್ರಾಣ ಇಟ್ಟವಳು, ಆದರೂ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

ನಗು ಮುಗಿಯುವಷ್ಟರಲ್ಲಿ ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು. ಹೊತ್ತು ಏರುತ್ತಿತ್ತು. ಅವಳು ಹೋಗಿ ತಿಪ್ಪೆಯಿಂದ ಗಾಡಿ ಎಳೆದು, ಲಂಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅಪ್ಪ, ನಾನೇ ಹೋಗ್ತೀನಿ."

"ಹೆಣ್ಣುಡುಗಿ ಕಣೇ ನೀನು! ನೋಡ್ದೋರು ಏನಂತಾರೆ?" ಎಂದು ಅಮ್ಮ ಒಳಗಿನಿಂದ ಕೂಗಿದಳು. ಅಪ್ಪ ಸರಿ ಇದ್ದ ಬಲಗಾಲಿನಿಂದ ಒಂದೇ ಒದೆತಕ್ಕೆ ಇಂಜಿನ್ ಎಬ್ಬಿಸಿ, ನನ್ನನ್ನು ಎತ್ತಿ ಹಿಂದೆ ಕೂರಿಸಿದ. "ಹೋಗಮ್ಮ. ನಿನ್ನ ಬಿಟ್ರೆ ಇದು ಯಾರ ಮಾತೂ ಕೇಳಲ್ಲ" ಎಂದ. ನನಗೆ ಹೇಳಿದ್ದು ಒಂದೇ ಮಾತು, "ಹಗ್ಗ ಬಿಡಬ್ಯಾಡ."

ಆ ದಾರಿ ನನಗೆ ಈಗಲೂ ನೆನಪಿದೆ. ಕೆಮ್ಮಣ್ಣಿನ ಧೂಳು ಹಲ್ಲಿಗೆಲ್ಲ ಸಿಕ್ಕಿ ಕರಕರ ಅನ್ನುತ್ತಿತ್ತು. ತಿಪ್ಪೆಯ ವಾಸನೆಯೂ ಬಿಸಿ ಎಣ್ಣೆಯ ವಾಸನೆಯೂ ಸೇರಿ ಮೂಗಿಗೆ ಹೊಡೆಯುತ್ತಿತ್ತು. ನನ್ನ ಮಡಿಲಲ್ಲಿ ಅಕ್ಕನ ಇಂಕಿನ ಬಾಟಲಿ, ಕೈಗೆ ಎರಡು ಸುತ್ತು ಹಗ್ಗ. ರಾಗಿ ಹೊಲದ ಹತ್ತಿರ ಒಂದು ಕುರಿಮಂದೆ ರಸ್ತೆಗೆ ಅಡ್ಡ ಬಂತು. ಅಕ್ಕ "ಹೋ!" ಎಂದಳು, ನಾನು ಎಳೆದೆ, ನಿಂತೆವು. ಕುರಿ ಕಾಯುತ್ತಿದ್ದ ಮುದುಕ ನಮ್ಮನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಮುಂದಿನ ಟಗರಿನ ಕಡೆ ತಿರುಗಿ ತೆಲುಗಿನಲ್ಲಿ "ಆಡಪಿಲ್ಲಲು ರಾ!" ಎಂದ. ಹೆಣ್ಣುಮಕ್ಕಳು ಕಣೋ ಎಂದು ಟಗರಿಗೆ ತಿಳಿಸಿದ. ಟಗರೂ ನಿಂತು ನೋಡಿತು.

ಶಾಲೆಯ ಮುಂದೆ ಇಳಿಜಾರು. ನಾವು ಅದರ ನೆತ್ತಿಗೆ ಬಂದಾಗ ಮೊದಲ ಗಂಟೆ ಹೊಡೆದಿತ್ತು, ಕೆಳಗೆ ಗೇಟಿನ ಒಂದು ಬಾಗಿಲು ಮುಚ್ಚಿದ್ದರು. ಇನ್ನೊಂದರ ನಡುವೆ ಹೆಡ್‌ಮಾಸ್ಟರು ನಿಂತು ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಹಿಡಿಯನ್ನು ಪೂರ್ತಿ ಎಳೆದು "ಹೋ! ಹೋ! ಎಳಿಯೇ!" ಎಂದು ಕಿರುಚಿದಳು. ನಾನು ಎರಡೂ ಕಾಲು ಒತ್ತಿ, ಕಣ್ಣು ಮುಚ್ಚಿ, ಹಿಂದಕ್ಕೆ ಮಲಗಿಯೇಬಿಟ್ಟೆ. ಹಗ್ಗ ಅಂಗೈಯನ್ನು ಸೀಳಿದ ಹಾಗಾಯಿತು. ಚಕ್ರ ಕೀಚ್ ಎಂದು ಜಾರಿತು. ಕಣ್ಣು ಬಿಟ್ಟಾಗ ನಮ್ಮ ಮುಂದಿನ ಚಕ್ರಕ್ಕೂ ಹೆಡ್‌ಮಾಸ್ಟರ ಪಂಚೆಗೂ ಒಂದು ಗೇಣು ಉಳಿದಿತ್ತು.

ಅವರು ಅಲುಗಲಿಲ್ಲ. ಬಹುಶಃ ಅಲುಗಲು ಆಗಲಿಲ್ಲ. ಗಂಟಲು ಸರಿ ಮಾಡಿಕೊಂಡು, "ಇದಕ್ಕೆ ಬ್ರೇಕ್ ಎಲ್ಲಮ್ಮ ಇದೆ?" ಎಂದು ಕೇಳಿದರು.

"ನಾನೇ ಸಾರ್" ಎಂದೆ.

ಅವರು ನನ್ನ ಕೆಂಪಾದ ಅಂಗೈ ನೋಡಿದರು, ಹಗ್ಗ ನೋಡಿದರು, ರಾಟೆ ನೋಡಿದರು. ಅಕ್ಕನಿಗೆ, "ನೀನು ಓಡಮ್ಮ, ಎರಡನೇ ಗಂಟೆ ಹೊಡೀತಾರೆ" ಎಂದರು. ಅವಳ ಜಡೆ ಬಾಗಿಲೊಳಗೆ ಮಾಯವಾದದ್ದೇ ತಡ, ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ನೋವಿಗಲ್ಲ, ಅವಳು ಒಳಗೆ ಹೋದಳಲ್ಲ ಎಂಬ ಸಂತೋಷಕ್ಕೆ. ಅಕ್ಕ ಆ ಪರೀಕ್ಷೆ ಪಾಸಾದಳು, ಮುಂದೆ ಟೀಚರೂ ಆದಳು. ಅಜ್ಜಿ ನೋಡಿಟ್ಟಿದ್ದ ಗಂಡು ಬೇರೆ ಯಾರನ್ನೋ ಮದುವೆಯಾದ.

ಈಗ ನಿಮ್ಮ ಸ್ಕೂಟರ್ ಬೆರಳು ಮುಟ್ಟಿದರೆ ನಿಲ್ಲುತ್ತದೆ. ಹಿಂದೆ ಕೂತವರಿಗೆ ಕೆಲಸವೇ ಇಲ್ಲ, ನೀವು ಫೋನ್ ನೋಡಿಕೊಂಡೇ ಕಾಲೇಜು ತಲುಪುತ್ತೀರಿ. ಅದೇ ಒಳ್ಳೆಯದು. ನಾವು ಮಾಡಿದ್ದನ್ನು ನೀವು ಮಾಡಿದರೆ ಕಿವಿ ಹಿಂಡುತ್ತೇನೆ. ಆದರೂ ಒಂದು ಮಾತು ಹೇಳಬೇಕು. ಆ ದಿನ ಅಷ್ಟು ದೂರ, ಅಷ್ಟು ಜೋರಾಗಿ ಹೋಗುವಾಗ, ನಾನು ಹಗ್ಗ ಹಿಡಿದಿದ್ದೇನೋ ಇಲ್ಲವೋ ಎಂದು ಅಕ್ಕ ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ.