ಸಣ್ಣ ರಾಣಿ ಪುಣೆಗೆ ಹೋದದ್ದು

ಬರದ ವರ್ಷ. ಕೆಲಸಕ್ಕೆಂದು ದಿನಾ ಬೀದರದಿಂದ ಭಾಲ್ಕಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೈಯಲ್ಲಿ ಇಟ್ಟಂಗಿಯಂಥ ಒಂದು ಕಾದಂಬರಿ. ಅದರ ತುಂಬ ರಾಜರು, ಮಾಟಗಾರರು, ಹೆಣಗಳು. ನನಗೆ ಯಾರು ಹಿಡಿಸುತ್ತಾರೋ ಅವರನ್ನೇ ಆ ಲೇಖಕ ಹುಡುಕಿ ಹುಡುಕಿ ಕೊಲ್ಲುತ್ತಿದ್ದ. ಬೈಯುತ್ತಲೇ ಓದುತ್ತಿದ್ದೆ; ಬಿಡಲಿಕ್ಕೂ ಆಗುತ್ತಿರಲಿಲ್ಲ.

ಭಾಲ್ಕಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಆಯಿಯೊಬ್ಬಳು ಹಲಬರ್ಗಾದಲ್ಲಿ ಹತ್ತುತ್ತಿದ್ದಳು. ಒಂದಿನ ಪಕ್ಕದಲ್ಲಿ ಕೂತು, "ಅದರಾಗ ಏನದರಿ, ಅಷ್ಟು ಸಿಟ್ಟಿಲೆ ಓದ್ಲಿಕತ್ತೀರಿ?" ಎಂದಳು. ಕಥೆ ಹೇಳಿದೆ. ಯುದ್ಧ, ಮಾಟ ಯಾವುದೂ ಆಕೆಗೆ ಬೇಕಾಗಲಿಲ್ಲ. ತವರು ಬಿಟ್ಟು ಶತ್ರುವಿನ ಮನೆಗೆ ಸೊಸೆಯಾಗಿ ಬಂದ ಸಣ್ಣ ರಾಣಿಯೊಬ್ಬಳೇ ಮನಸ್ಸಿಗೆ ಹತ್ತಿದಳು. ಆಮೇಲೆ ದಿನಾ ಅದೇ ಪ್ರಶ್ನೆ: "ಸಣ್ಣ ರಾಣಿ ಹ್ಯಾಂಗ ಅದಾಳ್ರಿ?"

ಒಂದು ಬೆಳಿಗ್ಗೆ, ಹಲಬರ್ಗಾ ಬರುವ ಮೊದಲೇ, ಲೇಖಕ ಆ ಹುಡುಗಿಯನ್ನೂ ಕೋಟೆಯ ಮೇಲಿಂದ ನೂಕಿಸಿಬಿಟ್ಟ. ಪುಸ್ತಕ ಮುಚ್ಚುವಷ್ಟರಲ್ಲಿ ಆಯಿ ಹತ್ತಿ ಬಂದು ಕೇಳಿಯೇಬಿಟ್ಟಳು.

ಸತ್ತಳು ಅನ್ನಲು ಬಾಯಿ ಬರಲಿಲ್ಲ. "ಪುಣೆಕ್ಕ ಹೋದಳ್ರಿ ಆಯಿ," ಅಂದೆ. ಆ ವರ್ಷ ಊರಲ್ಲಿ ಕಾಣದವರೆಲ್ಲ ಹೋಗುತ್ತಿದ್ದದ್ದು ಅಲ್ಲಿಗೇ.

"ಛಲೋ ಮಾಡಿದಳು," ಎಂದು ಆಯಿ ಸೆರಗಿನಿಂದ ಬೆವರೊರೆಸಿಕೊಂಡಳು. "ಕುಡೀಲಿಕ್ಕ ನೀರಿಲ್ಲಂದ್ರ ಕೋಟಿ, ಅರಮನಿ ಕಟಗೊಂಡು ಏನ್ ಮಾಡೋದು? ನನ್ನ ಮಗಳೂ ಅಲ್ಲೇ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾಳ, ಒಬ್ಬಾಕಿನೇ ಅದಾಳ. ರಾಣಿಗಿ ಅಕಿ ಬಾಡಿಗಿ ಖೋಲಿಯೊಳಗೇ ಇರು ಅಂತ ಹೇಳ್ರಿ."

ಕಾದಂಬರಿಯ ಎರಡನೇ ಭಾಗ ಮನೆಯಲ್ಲಿದೆ, ಇನ್ನೂ ತೆರೆದಿಲ್ಲ. ಆ ಲೇಖಕನಿಗೆ ಪುಣೆಯ ಖೋಲಿ ಗೊತ್ತಾಗುವುದು ನನಗೆ ಬೇಕಾಗಿಲ್ಲ.