ಬಾಗಿಲಾಚೆ ನಿಂತು ಓದಿದ ವಾಚನ

ಮರಿಯಮ್ಮನವರ ಸೆರಗಿಗೆ ಹಿಪ್ಪುನೇರಳೆ ಎಲೆಯ ಚೂರೊಂದು ಅಂಟಿತ್ತು. ಶಿಡ್ಲಘಟ್ಟದ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದು, ಪಾದ್ರಿಗಳು ಇದ್ದೊಂದು ವಾಚನದ ಗ್ರಂಥದೊಂದಿಗೆ ಚಿಂತಾಮಣಿಯ ಪೂಜೆಗೆ ಹೊರಟುಹೋಗಿದ್ದರು. ಜಂಗಮಕೋಟೆಯಿಂದ ಆಗಷ್ಟೇ ಬಂದ ಅವರು ಅಂಗಳದಲ್ಲಿ ನನ್ನನ್ನು ತಡೆದರು.

"ಇವತ್ತು ನೀನೇ ಓದಿದ್ದಂತೆ. ಏನು ಓದ್ದೆ ಕಣಮ್ಮ? ಹುಳಕ್ಕೆ ಸೊಪ್ಪು ಹಾಕಿ ಬರೋಷ್ಟರಲ್ಲಿ ಹೊತ್ತಾಗೋಯ್ತು."

"ಪ್ರೀತಿ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ ಅಂತ ಸಂತ ಪೌಲರು ಬರೆದ ಪತ್ರ" ಎಂದೆ.

"ಅರ್ಥ ಕೇಳಲಿಲ್ಲ ನಾನು. ಹುಟ್ಟಿದಾಗಿಂದ ಲ್ಯಾಟಿನ್‌ನಲ್ಲಿ ಕೇಳಿದೀನಿ, ಒಂದಕ್ಷರ ತಿಳೀಲಿಲ್ಲ. ಈಗ ಕನ್ನಡದಲ್ಲಿ ಓದ್ತಾರೆ ಅಂದ್ರೆ, ನೀನು ಸಾರಾಂಶ ಹೇಳಿ ಕಳಿಸ್ತೀಯ."

ನಗುತ್ತಲೇ ಅಂದರು. ಆದರೆ ಬಸ್ಸಿನ ಕಡೆ ಬೇಗ ನಡೆದುಬಿಟ್ಟರು, ತಿರುಗಿ ನೋಡಲಿಲ್ಲ.

ಅಭ್ಯಾಸಕ್ಕೆಂದು ನಾನು ವಾಚನವನ್ನು ನಕಲು ಮಾಡಿಕೊಂಡಿದ್ದ ಹಾಳೆ ನನ್ನ ಚೀಲದಲ್ಲೇ ಇತ್ತು. ಅಂಗಳದ ಜನರೆದುರು ಮತ್ತೆ ಓದಲು ಸಂಕೋಚಪಟ್ಟು ಅದನ್ನು ತೆಗೆದಿರಲಿಲ್ಲ. ಆಕೆಗೆ ಎಷ್ಟು ಸಾಕೆಂದು ಬಿ.ಎ. ಓದಿದ ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಜಂಗಮಕೋಟೆಗೆ ಹೋದೆ. ರೇಷ್ಮೆಹುಳು ಸಾಕುವ ಮನೆಯೊಳಗೆ, ಹುಳಕ್ಕೆ ಸೋಂಕು ತಗಲೀತೆಂದು, ಹೊರಗಿನವರನ್ನು ಬಿಡುವುದಿಲ್ಲ. ಬೀದಿಯಲ್ಲೇ, ಬಾಗಿಲಾಚೆ ನಿಂತು ಹಾಳೆ ಬಿಡಿಸಿ ಓದತೊಡಗಿದೆ. ಒಳಗೆ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದ ಮರಿಯಮ್ಮ, "ಜೋರಾಗಿ ಓದಮ್ಮ, ಹುಳ ಸೊಪ್ಪು ತಿನ್ನೋ ಸದ್ದಲ್ಲಿ ಕೇಳಿಸ್ತಿಲ್ಲ" ಎಂದರು. ಬೀದಿಯವರು ನಿಂತು ನೋಡುತ್ತಿದ್ದರು. ನಾನು ಮತ್ತೆ ಮೊದಲಿನಿಂದ, ಗಟ್ಟಿಯಾಗಿ, ಕೊನೆಯವರೆಗೂ ಓದಿದೆ.