ಅಣು ಗಡಿಯಾರವೂ ಅಕ್ಕನ ಮಗಳ ಲಗ್ನವೂ

ಹೋದ ವಾರ ಹೊಳೆನರಸೀಪುರದಲ್ಲಿ ನನ್ನ ಅಕ್ಕನ ಮಗಳ ಮದುವೆ. ಸೋದರಮಾವನಾದ ನಾನೇ ಅದನ್ನು ಇನ್ನೇನು ಕೆಡಿಸಿಬಿಟ್ಟಿದ್ದೆ. ಕಾರಣ ವರೋಪಚಾರವಲ್ಲ, ಸಾರಿನಲ್ಲಿ ಉಪ್ಪಲ್ಲ. ಸೀಸಿಯಂ ಎಂಬ ಒಂದು ಲೋಹ.

ನಗಬೇಡಿ, ಹೇಳುತ್ತೇನೆ.

ನಮ್ಮ ಕಡೆ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಇಡೀ ಮದುವೆಯಲ್ಲಿ ನನಗಿದ್ದದ್ದು ಅದೊಂದೇ ಕೆಲಸ. (ಉಳಿದದ್ದನ್ನು ನನ್ನ ಕೈಗೆ ಕೊಡದಿರುವಷ್ಟು ಬುದ್ಧಿ ಅಕ್ಕನಿಗಿದೆ.) ಮುಹೂರ್ತ ಹತ್ತಿರವಾದರೂ ಅರಕಲಗೂಡಿನಿಂದ ಬಂದಿದ್ದ ಗಂಡಿನ ಕಡೆಯವರು ಬಿಡದಿ ಮನೆಯಿಂದ ಹೊರಟಿರಲಿಲ್ಲ. ಹೋಗಿ ಹೊರಡಿಸಿಕೊಂಡು ಬಾ ಎಂದು ಅಕ್ಕ ನನ್ನನ್ನೇ ಅಟ್ಟಿದಳು.

ಅಲ್ಲಿ ಗಂಡಿನ ದೊಡ್ಡಪ್ಪ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಹೊತ್ತಾಯಿತು ಎಂದೆ. ತಮ್ಮ ವಾಚು ನೋಡಿ, ಇನ್ನೂ ಬೇಕಾದಷ್ಟು ಟೈಮಿದೆ ಎಂದರು. ನನ್ನದು ಬೆಳಿಗ್ಗೆ ತಾನೆ ರೇಡಿಯೋ ಕೇಳಿ ಸರಿಮಾಡಿದ ವಾಚು ಎಂದೆ. ಅವರು ಶಾಂತವಾಗಿ ಕೇಳಿದರು:

"ಆ ರೇಡಿಯೋದವ್ರಿಗೆ ಟೈಮ್ ಯೋಳೋರು ಯಾರು ಮೇಷ್ಟ್ರೇ?"

ಹೈಸ್ಕೂಲಿನಲ್ಲಿ ಸೈನ್ಸ್ ಹೇಳುವವನಿಗೆ ಇಂಥ ಪ್ರಶ್ನೆ ಕೇಳಬಹುದೇ? ಅದೂ ಹಾಸನದ ಲೈಬ್ರರಿಯಲ್ಲಿ ಅಣು ಗಡಿಯಾರದ ಲೇಖನ ಓದಿಬಂದ ಮಾರನೆಯ ದಿನ?

ಶುರು ಮಾಡಿದೆ. ಗೋಡೆ ಗಡಿಯಾರದ ಲೋಲಕ ಬಿಸಿಲಿಗೆ ಹಿಗ್ಗುತ್ತದೆ, ಧೂಳಿಗೆ ತಡವರಿಸುತ್ತದೆ. ಸೀಸಿಯಂ ಪರಮಾಣುವಿಗೆ ಸವೆತವಿಲ್ಲ, ಕೀಲಿ ಕೊಡಬೇಕಿಲ್ಲ. ಲಂಡನ್ನಿನಲ್ಲಿದ್ದರೂ ನುಗ್ಗೇಹಳ್ಳಿಯಲ್ಲಿದ್ದರೂ ಒಂದೇ ನಡತೆ. ಗಾಳಿ ತೆಗೆದ ಕೊಳವೆಯಲ್ಲಿ ಈ ಪರಮಾಣುಗಳನ್ನು ಹಾಯಿಸಿ ರೇಡಿಯೋ ಅಲೆ ತಾಗಿಸುತ್ತಾರೆ. ಅಲೆಯ ಕಂಪನ ಸರಿಯಾಗಿ ಹೊಂದಿದರೆ ಮಾತ್ರ ಪರಮಾಣು ತನ್ನ ಸ್ಥಿತಿ ಬದಲಿಸುತ್ತದೆ. ಬದಲಾದವು ಕಡಿಮೆಯಾದವೋ, ಅಲೆ ಹೊರಡಿಸುವ ಯಂತ್ರ ದಾರಿ ತಪ್ಪಿದೆ ಎಂದರ್ಥ, ಕೂಡಲೇ ತಿದ್ದಿಕೊಳ್ಳುತ್ತದೆ. ಆ ಅಲೆಯ ಒಂಬೈನೂರು ಕೋಟಿಗೂ ಮಿಕ್ಕಿದ ಕಂಪನ ಎಣಿಸಿದರೆ ಒಂದು ಸೆಕೆಂಡು. ಸಾವಿರಾರು ವರ್ಷ ನಡೆದರೂ ಒಂದು ಸೆಕೆಂಡು ತಪ್ಪಿದರೆ ಹೆಚ್ಚು.

ಅಷ್ಟು ಕರಾರುವಾಕ್ಕು ಯಾರಿಗೆ ಬೇಕು ಎಂದರು ದೊಡ್ಡಪ್ಪ.

ಯಾರಿಗೆ ಬೇಡ? ನಡುಗಡಲಿನ ಹಡಗಿಗೆ ತಾನೆಲ್ಲಿದ್ದೇನೆಂದು ತಿಳಿಯಲು ಬೇಕು. ರಾಕೆಟ್ಟಿನ ಜಾಡು ಹಿಡಿಯುವವರಿಗೆ ಬೇಕು. ರೇಡಿಯೋ ಸ್ಟೇಷನ್ನಿಗೆ ಬೇಕು. ಭೂಮಿಯೇ ತಿರುಗುವುದರಲ್ಲಿ ಕೊಂಚ ತಡ ಮಾಡುತ್ತದೆಂಬುದನ್ನೂ ಇದರಿಂದ ಅಳೆಯಬಹುದು ಎಂದೆ. ಹಾಗಾದರೆ ಭೂಮಿ ತಪ್ಪು, ಗಡಿಯಾರ ಸರಿಯೋ ಎಂದು ಅವರು ನಕ್ಕರು. ಅದನ್ನೂ ವಿವರಿಸತೊಡಗಿದೆ.

ಆಗ ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡಳು.

"ಗಂಡು ಆಗ್ಲೇ ಮಂಟಪದಾಗೆ ಕುಂತವ್ನೆ. ಎಣ್ಣು ಕರ್ಕೊಂಡ್ ಬರೋ ಸೋದರಮಾವನೇ ಇಲ್ಲ ಕಣ್ಲಾ."

ತಿರುಗಿ ನೋಡಿದೆ. ದೊಡ್ಡಪ್ಪನವರೊಬ್ಬರನ್ನು ಬಿಟ್ಟರೆ ಬಿಡದಿ ಖಾಲಿ. ನನ್ನ ಪಾಠ ನಡೆಯುತ್ತಿದ್ದಂತೆ ಮದುಮಗನೂ ಅವನ ಬಳಗವೂ ಒಬ್ಬೊಬ್ಬರಾಗಿ ಎದ್ದುಹೋಗಿದ್ದರು. (ಕ್ಲಾಸಿನಲ್ಲೂ ಹೀಗೇ ಆಗುತ್ತಿತ್ತೇನೋ, ಪುಣ್ಯಕ್ಕೆ ಅಲ್ಲಿ ಬಾಗಿಲಿಗೆ ಚಿಲಕವಿದೆ.)

ಪಂಚೆ ಎತ್ತಿಕಟ್ಟಿ ಓಡಿದೆ, ಹಿಂದೆಯೇ ದೊಡ್ಡಪ್ಪ. ಹುಡುಗಿ ಅತ್ತಿದ್ದಳು. ನಾನು ಹಿಡಿದ ಅವಳ ಕೈ ತಣ್ಣಗಿತ್ತು. ಮಂಟಪ ಸೇರಿದಾಗ ಪುರೋಹಿತರು ಮಂತ್ರ ನಿಲ್ಲಿಸಿ, ಲಗ್ನ ಇನ್ನೂ ಇದೆಯೋ ಮೀರಿತೋ, ಸರಿಯಾದ ಟೈಮು ಯಾರ ಹತ್ತಿರ ಇದೆ ಎಂದರು. ಎಲ್ಲರೂ ನನ್ನತ್ತ ನೋಡಿದರು.

ನನ್ನ ವಾಚಿನ ಪ್ರಕಾರ ಲಗ್ನ ಮೀರಿಹೋಗಿತ್ತು.

ತೊಟ್ಟಿಲಲ್ಲಿದ್ದಾಗಿನಿಂದ ನಾನು ಎತ್ತಿ ಆಡಿಸಿದ ಹುಡುಗಿ. ನಾಳೆ ಅವಳ ಮನೆಯಲ್ಲಿ ಹಾಲು ಒಡೆದರೂ 'ಮುಹೂರ್ತ ತಪ್ಪಿದ ಮದುವೆ' ಎಂದು ಜನ ಅನ್ನುವುದಿಲ್ಲವೇ? ಷರಟಿನ ತೋಳು ಎಳೆದು ವಾಚು ಮುಚ್ಚಿದೆ.

"ದೊಡ್ಡಪ್ಪನವರ ವಾಚೇ ಸರಿ. ನಂದು ಮುಂದೆ ಓಡುತ್ತೆ."

ದೊಡ್ಡಪ್ಪ ತಮ್ಮ ವಾಚನ್ನು ನೋಡಿದರು. ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. ಆಮೇಲೆ, ಇನ್ನೂ ಟೈಮಿದೆ, ನಡೆಸಿ ಎಂದು ಗಟ್ಟಿಯಾಗಿ ಹೇಳಿದರು. ವಾಲಗ ಮೊಳಗಿತು. ಕೊರಳಿಗೆ ತಾಳಿ ಬಿತ್ತು. ಹುಡುಗಿ ಅಕ್ಷತೆಯ ಮಧ್ಯೆ ನನ್ನ ಕಡೆ ನೋಡಿ ನಕ್ಕಳು.

ಊಟಕ್ಕೆ ದೊಡ್ಡಪ್ಪ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಹೋಳಿಗೆ ಮುರಿಯುತ್ತ ನನ್ನ ಕಿವಿಯ ಹತ್ತಿರ ಬಾಗಿದರು.

"ಬೆಳಗ್ಗಿಂದ ನನ್ ವಾಚು ನಿಂತೋಗೈತೆ ಮೇಷ್ಟ್ರೇ. ಮಂಟಪದಾಗೆ ನೋಡ್ದಾಗ್ಲೇ ಗೊತ್ತಾಗಿದ್ದು."

ಸೀಸಿಯಂ ಪಂಡಿತನಾದ ನಾನು ಈಗ ನಿಮ್ಮನ್ನೇ ಕೇಳುತ್ತೇನೆ: ಆ ಹೊತ್ತಿಗೆ ಅದಕ್ಕಿಂತ ಸರಿಯಾದ ಗಡಿಯಾರ ಎಲ್ಲಿತ್ತು?